ಶಾಲೆ ಬಿಟ್ಟು ಎನ್‌ಐಒಎಸ್ ಹಿಡಿದ ನಾಲ್ಕು ವರ್ಷ: ಒಬ್ಬ ತಾಯಿಯ ವಿಮರ್ಶೆ

ಆರನೇ ಕ್ಲಾಸಿನಲ್ಲಿದ್ದಾಗ ಮಗಳು ಇಡೀ ವರ್ಷದ ಗಣಿತವನ್ನು ಜುಲೈನಲ್ಲೇ ಮುಗಿಸಿದ್ದಳು. "ಮುಗೀತಲ್ಲ, ಸುಮ್ನೆ ಕೂತ್ಕೋ" ಅಂದರು ಶಾಲೆಯಲ್ಲಿ. ಕೂತಳು. ಡಿಸೆಂಬರ್ ಹೊತ್ತಿಗೆ ದಿನಾ ಬೆಳಿಗ್ಗೆ ಹೊಟ್ಟೆನೋವು. ಎರಡು ಕ್ಲಾಸ್ ಮೇಲೆ ಕೂರಿಸಿ ಅಂತ ಕೇಳೋಣವೆಂದರೆ, ಕನ್ನಡ ಪ್ರಬಂಧ ಬರೆಯುವಾಗ ಅವಳು ತನ್ನ ವಯಸ್ಸಿನ ಮಗುವೇ. ಒಂದು ಪುಟ ತುಂಬಿಸಲು ಒಂದು ಗಂಟೆ ಬೇಕಿತ್ತು.

ಆ ಏಪ್ರಿಲ್‌ನಲ್ಲಿ ಶಾಲೆ ಬಿಡಿಸಿದೆವು. ಮನೆಯಲ್ಲಿ ಓದು, ಹತ್ತನೇ ತರಗತಿಗೆ ಎನ್‌ಐಒಎಸ್. 1989ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಮುಕ್ತ ಶಾಲೆ ಇದು, ದಿನಾ ಶಾಲೆಗೆ ಹೋಗದೆ ಮನೆಯಲ್ಲೇ ಓದಿ ಪರೀಕ್ಷೆ ಬರೆಯಬಹುದು. ಈಗ ಮಗಳು ಮೊದಲ ಪಿಯುಸಿ.

ಮೊದಲೇ ಒಂದು ಮಾತು. ಚುರುಕು ಮಗು ಹನ್ನೊಂದಕ್ಕೇ ಹತ್ತನೇ ಕ್ಲಾಸ್ ಮುಗಿಸಬಹುದು ಅಂತ ಇಲ್ಲಿಗೆ ಬರಬೇಡಿ. ಹತ್ತನೇ ತರಗತಿಗೆ 14 ವರ್ಷ ತುಂಬಿರಲೇಬೇಕು, ಹನ್ನೆರಡನೇ ತರಗತಿಗೆ 15. ಮಗಳು ಹತ್ತು ಮುಗಿಸಿದ್ದು ಅವಳ ಹಳೆಯ ಗೆಳತಿಯರು ಎಸ್‌ಎಸ್‌ಎಲ್‌ಸಿ ಬರೆದ ವರ್ಷವೇ. ನಮಗೆ ಸಿಕ್ಕಿದ್ದು ವೇಗ ಅಲ್ಲ, ಪುರುಸೊತ್ತು. ಅದರ ಬೆಲೆ ನನಗೆ ಈಗ ಗೊತ್ತು.

ಪರೀಕ್ಷೆ ವರ್ಷಕ್ಕೆ ಎರಡು ಸಲ, ಏಪ್ರಿಲ್ ಮತ್ತು ಅಕ್ಟೋಬರ್ ಸುಮಾರಿಗೆ. ಒಮ್ಮೆ ನೋಂದಾಯಿಸಿದರೆ 5 ವರ್ಷ ನಡೆಯುತ್ತೆ, 9 ಅವಕಾಶ. ಎಲ್ಲ ವಿಷಯ ಒಟ್ಟಿಗೆ ಬರೆಯಬೇಕಿಲ್ಲ. ಗಣಿತ, ವಿಜ್ಞಾನ ಅಕ್ಟೋಬರ್‌ನಲ್ಲಿ ಬರೆದಳು. ಕನ್ನಡ, ಇಂಗ್ಲಿಷ್, ಚಿತ್ರಕಲೆ ಮುಂದಿನ ಏಪ್ರಿಲ್‌ಗೆ ಇಟ್ಟುಕೊಂಡಳು. ಗಣಿತ ಓಡಲಿ, ಕನ್ನಡ ನಡೆಯಲಿ. ಇಂಥ ಮಕ್ಕಳಿಗೆ ಬೇಕಾದದ್ದು ಇದೇ ಅಲ್ವಾ?

ಪುಸ್ತಕಗಳು ಒಬ್ಬರೇ ಕೂತು ಓದುವಂತೆ ಬರೆದಿದ್ದಾರೆ. ಪಾಠದ ನಡುನಡುವೆ ಪ್ರಶ್ನೆ, ಕೊನೆಗೆ ಉತ್ತರ. ಆದರೆ ಗಣಿತದ ಪುಸ್ತಕ ಅವಳಿಗೆ ಒಂದು ತಿಂಗಳಿಗೆ ಸಾಕಾಯಿತು. ಅವಳ ನಿಜವಾದ ಗಣಿತ ಬೇರೆ ಕಡೆಯಿಂದ ಬಂತು. ಮುಂಬೈನ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ ಒಲಿಂಪಿಯಾಡ್ ಅನ್ನುವ ಗಣಿತ ಸ್ಪರ್ಧೆಯ ಹಳೆಯ ಪ್ರಶ್ನೆಪತ್ರಿಕೆಗಳನ್ನು ಪುಕ್ಕಟೆ ಕೊಡುತ್ತದೆ. ಒಂದೇ ಲೆಕ್ಕಕ್ಕೆ ಮೂರು ದಿನ ಕೂತಿದ್ದಾಳೆ. ತಪ್ಪು ಮಾಡಿ, ಅತ್ತು, ಮತ್ತೆ ಹಿಡಿದಿದ್ದಾಳೆ. ಶಾಲೆಯಲ್ಲಿ ಆರು ವರ್ಷ ಅವಳಿಗೆ ಯಾವ ಲೆಕ್ಕವೂ ಕಷ್ಟ ಆಗಿರಲಿಲ್ಲ. ಸೋಲುವುದನ್ನು ಕಲಿಯಲು ಅವಕಾಶವೇ ಸಿಕ್ಕಿರಲಿಲ್ಲ ಅಂತ ಆಗ ಅರ್ಥವಾಯಿತು.

ಕಷ್ಟವೂ ಇತ್ತು. ಟಿಎಂಎಗೆ, ಅಂದರೆ ಬರೆದು ಒಪ್ಪಿಸುವ ಅಸೈನ್‌ಮೆಂಟ್‌ಗೆ, ನೂರಕ್ಕೆ 20 ಅಂಕ. ಹಗುರವಾಗಿ ತೆಗೆದುಕೊಳ್ಳಬೇಡಿ. ನಮಗೆ ಸಿಕ್ಕ ಎನ್‌ಐಒಎಸ್ ಅಧ್ಯಯನ ಕೇಂದ್ರದಲ್ಲಿ ಪಿಸಿಪಿ, ಅಂದರೆ ಶಿಕ್ಷಕರು ಎದುರಿಗೆ ಕೂತು ಪಾಠ ಮಾಡುವ ತರಗತಿ, ಹೆಸರಿಗಷ್ಟೇ ಇತ್ತು. ಎರಡು ಸಲ ಹೋದಾಗಲೂ ಬಾಗಿಲು ಹಾಕಿತ್ತು. ಕೇಂದ್ರ ಆಯ್ಕೆ ಮಾಡುವ ಮುಂಚೆ ಒಮ್ಮೆ ಖುದ್ದಾಗಿ ಹೋಗಿ, ಅಲ್ಲಿನ ಮಕ್ಕಳ ಹತ್ತಿರ ಮಾತಾಡಿ.

ಎಲ್ಲಕ್ಕಿಂತ ಜಾಸ್ತಿ ನೋಯಿಸಿದ್ದು ಒಂಟಿತನ. ಮೊದಲ ವರ್ಷ ಮಧ್ಯಾಹ್ನ ಮೂರೂವರೆಗೆ ಕಿಟಕಿ ಹತ್ತಿರ ನಿಂತು ಶಾಲಾ ವ್ಯಾನ್ ನೋಡುತ್ತಿದ್ದಳು. ಇದನ್ನು ಬರೆಯುವಾಗಲೂ ಹೊಟ್ಟೆ ಚುರುಕ್ ಅನ್ನುತ್ತದೆ. ಮುಂದಿನ ವರ್ಷ ಸಂಜೆ ಕಬಡ್ಡಿಗೆ ಸೇರಿಸಿದೆವು. ಬೆಂಗಳೂರಿನ ನೆಹರು ತಾರಾಲಯಕ್ಕೆ ಆಗಾಗ ಕರೆದುಕೊಂಡು ಹೋದೆವು. ಗೆಳತಿಯರು ಸಿಕ್ಕಿದ್ದು ಕಬಡ್ಡಿಯಲ್ಲಿ. ಅಲ್ಲಿ ಯಾರಿಗೂ ಅವಳ ಗಣಿತ ಬೇಕಿರಲಿಲ್ಲ.

ಪಿಯು ಸೇರುವಾಗ ಒಂದು ಕಾಲೇಜಿನಲ್ಲಿ "ಓಪನ್ ಸ್ಕೂಲಾ?" ಅಂತ ಮುಖ ಸಿಂಡರಿಸಿದರು. ಎನ್‌ಐಒಎಸ್ ಕೊಡುವ ಮೈಗ್ರೇಶನ್-ಕಮ್-ಟ್ರಾನ್ಸ್‌ಫರ್ ಸರ್ಟಿಫಿಕೇಟ್ ತೋರಿಸಿದ ಮೇಲೆ ಇನ್ನೊಂದು ಕಾಲೇಜಿನಲ್ಲಿ ತಕರಾರಿಲ್ಲದೆ ಸೀಟು ಸಿಕ್ಕಿತು.

ನಮ್ಮ ಮನೆಯಲ್ಲಿ ಒಬ್ಬರು ಹಗಲು ಮಗುವಿನ ಜೊತೆ ಇರಲು ಆಗುತ್ತಿತ್ತು, ಹಾಗಾಗಿ ಇದು ನಡೆಯಿತು. ಅದು ಆಗದಿದ್ದರೆ ನಾನು ಇದನ್ನು ಹೇಳುವುದಿಲ್ಲ. ಐದಕ್ಕೆ ನಾಲ್ಕು ಕೊಡುತ್ತೇನೆ.

ಮಗ ಈಗ ನಾಲ್ಕನೇ ಕ್ಲಾಸ್. ಅವನೂ ಚುರುಕು. ಆದರೆ ಬೆಳಿಗ್ಗೆ ವ್ಯಾನ್ ಬರುವ ಮುಂಚೆಯೇ ಗೇಟಿನ ಹತ್ತಿರ ನಿಂತಿರುತ್ತಾನೆ. ಅವನನ್ನು ಬಿಡಿಸುವ ಯೋಚನೆ ನಮಗಿಲ್ಲ.