ರಂಗಶಾಲೆಯ ಒಂದು ವರ್ಷ, ವಿಶ್ವವಿದ್ಯಾಲಯದ ಎರಡು ವರ್ಷ: ನಾಟಕ ಕಲಿಯುವುದು ಎಲ್ಲಿ?

ಪದವಿ ಮುಗಿಸಿ ನಾಟಕವನ್ನೇ ಓದುತ್ತೇನೆ ಎಂದು ಹೊರಟವರ ಮುಂದೆ ಕರ್ನಾಟಕದಲ್ಲಿ ಮುಖ್ಯವಾಗಿ ಎರಡು ದಾರಿಗಳಿವೆ. ಹೆಗ್ಗೋಡಿನ ನೀನಾಸಮ್‌ನಂಥ ವಸತಿ ರಂಗಶಾಲೆಯಲ್ಲಿ ಒಂದು ವರ್ಷದ ಡಿಪ್ಲೊಮಾ ಮಾಡಬಹುದು. ಇಲ್ಲವೇ ವಿಶ್ವವಿದ್ಯಾಲಯದ ಪ್ರದರ್ಶನ ಕಲಾ ವಿಭಾಗ ಸೇರಿ ಎರಡು ವರ್ಷದ ಸ್ನಾತಕೋತ್ತರ ಪದವಿ ಪಡೆಯಬಹುದು. ನಾನು ಮೊದಲು ಹೆಗ್ಗೋಡಿನಲ್ಲಿ ಕಲಿತು, ಆಮೇಲೆ ಒಂದು ವಿಶ್ವವಿದ್ಯಾಲಯದಲ್ಲಿ ಎಂ.ಎ. ಮಾಡಿದವನು. ಯಾವುದು ಮೇಲು ಎಂದು ಕೇಳುವ ಕಿರಿಯರಿಗೆ ನನ್ನ ಉತ್ತರ ಇಷ್ಟು: ನಟನೆಯೇ ನಿಮ್ಮ ಆಸೆಯಾಗಿದ್ದು ಒಂದನ್ನು ಮಾತ್ರ ಮಾಡಲು ಸಾಧ್ಯವಿದ್ದರೆ ರಂಗಶಾಲೆಗೆ ಹೋಗಿ. ಎರಡನ್ನೂ ಮಾಡುವ ಅನುಕೂಲವಿದ್ದರೂ ರಂಗಶಾಲೆಯೇ ಮೊದಲಾಗಲಿ. ಹೀಗೆನ್ನಲು ಕಾರಣಗಳಿವೆ.

ಎರಡೂ ಕಡೆ ನನ್ನ ಪಾಲಿಗೆ ಬಂದ ಒಂದು ನಾಟಕ ಕುವೆಂಪು ಅವರ ‘ಶೂದ್ರ ತಪಸ್ವಿ’. 1944ರದು. ಬ್ರಾಹ್ಮಣನೊಬ್ಬನ ಮಗ ಅಕಾಲದಲ್ಲಿ ಸಾಯುತ್ತಾನೆ. ಶೂದ್ರನಾದ ಶಂಬೂಕ ತಪಸ್ಸು ಮಾಡುತ್ತಿರುವುದೇ ಇದಕ್ಕೆ ಕಾರಣವೆಂದು ಆ ಬ್ರಾಹ್ಮಣ ರಾಮನಲ್ಲಿ ದೂರುತ್ತಾನೆ. ರಾಮ ಬಿಟ್ಟ ಬ್ರಹ್ಮಾಸ್ತ್ರ ಶಂಬೂಕನನ್ನು ಕೊಲ್ಲದೆ ದೂರಿದವನನ್ನೇ ಅಟ್ಟಿಸಿಕೊಂಡು ಬರುತ್ತದೆ. ಕೊನೆಗೆ ಬ್ರಾಹ್ಮಣ ಶಂಬೂಕನಿಗೆ ನಮಸ್ಕರಿಸಿದ ಮೇಲೆ ಮಗ ಬದುಕುತ್ತಾನೆ.

ನಾಟಕ ಇರುವುದು ಸರಳ ರಗಳೆಯಲ್ಲಿ. ಐದು ಮಾತ್ರೆಯ ನಾಲ್ಕು ಗಣ, ಸಾಲಿಗೆ 20 ಮಾತ್ರೆ, ಪ್ರಾಸದ ಕಟ್ಟಿಲ್ಲ; ಅರ್ಥ ಸಾಲಿನ ತುದಿಯಲ್ಲಿ ನಿಲ್ಲದೆ ಮುಂದಿನ ಸಾಲಿಗೆ ಹರಿಯುತ್ತದೆ. ಉಸಿರು ಎಲ್ಲಿ ಎಳೆದುಕೊಳ್ಳಬೇಕು ಎಂಬುದೇ ನಟನಿಗೆ ಮೊದಲ ಕಷ್ಟ. ಪ್ರತಿ ಸಾಲಿನ ಕೊನೆಗೂ ನಿಂತರೆ ಮಾತು ಬಾಯಿಪಾಠ ಒಪ್ಪಿಸಿದ ಹಾಗೆ ಕೇಳುತ್ತದೆ, ಅರ್ಥ ಮುಗಿದಲ್ಲಿ ಮಾತ್ರ ನಿಂತರೆ ಲಯ ಕಳಚಿ ಬೀಳುತ್ತದೆ. ರಂಗಶಾಲೆಯಲ್ಲಿ ನಾವು ಇದನ್ನು ಕಲಿತದ್ದು ಕಾಲಿನಿಂದ. ‘ತಕ ತಕಿಟ’ ಎಂದು ಐದರ ನಡೆ ಹಾಕುತ್ತಾ ಅಂಗಳ ಸುತ್ತುವುದು, ಆಮೇಲೆ ಆ ನಡೆಯ ಮೇಲೆ ಮಾತು ಕೂರಿಸುವುದು, ಕೊನೆಗೆ ನಡಿಗೆ ನಿಲ್ಲಿಸಿ ಲಯವನ್ನು ಹೊಟ್ಟೆಯೊಳಗೇ ಇಟ್ಟುಕೊಂಡು ಮಾತಾಡುವುದು. ಯಕ್ಷಗಾನದ ಹೆಜ್ಜೆ ಕಲಿತದ್ದು ಇಲ್ಲಿ ಉಪಯೋಗಕ್ಕೆ ಬಂತು. ಬರಬರುತ್ತಾ ಹಳಗನ್ನಡದ ಬಿಗಿ ನಾಲಿಗೆಗೆ ಸಲೀಸಾಯಿತು. ಆ ಅಭ್ಯಾಸ ಇಂದಿಗೂ ನನ್ನ ಜೊತೆಗಿದೆ. ಯಾವ ಕಾವ್ಯನಾಟಕ ಕೈಗೆ ಬಂದರೂ ಮೊದಲು ನಡೆದು ನೋಡುತ್ತೇನೆ.

ವಿಶ್ವವಿದ್ಯಾಲಯದಲ್ಲಿ ಅದೇ ನಾಟಕ ಮೇಜಿನ ಮೇಲೆ ಬಂತು. ವಾಲ್ಮೀಕಿ ರಾಮಾಯಣದ ಉತ್ತರಕಾಂಡದಲ್ಲಿ ಶಂಬೂಕವಧೆ ಹೇಗಿದೆ, ಭವಭೂತಿ ‘ಉತ್ತರರಾಮಚರಿತ’ದ ಎರಡನೆಯ ಅಂಕದಲ್ಲಿ ಅದನ್ನು ಹೇಗೆ ಮೃದುಗೊಳಿಸಿದ, ಕುವೆಂಪು ಅದನ್ನು ಎಲ್ಲಿ ತಿರುಗಿಸಿದರು ಎಂದು ಮೂರನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿದೆವು. ಪುರಾಣದ ಕಥೆಯನ್ನು ಹೀಗೆ ಬದಲಿಸುವುದು ಸರಿಯೇ ಎಂದು ಮಾಸ್ತಿ ಎತ್ತಿದ ಆಕ್ಷೇಪ, ಅದಕ್ಕೆ ಕುವೆಂಪು ಕೊಟ್ಟ ಉತ್ತರ, ಎರಡರ ಮೇಲೂ ತರಗತಿಯಲ್ಲಿ ಜೋರು ಚರ್ಚೆ ನಡೆಯಿತು. ಅಲ್ಲಿ ನನಗೆ ಹೊಳೆದದ್ದು ಬ್ರಾಹ್ಮಣನ ಪಾತ್ರ. ಈ ನಾಟಕ ಅವನನ್ನು ಕೊಲ್ಲುವುದಿಲ್ಲ, ಬಾಗಿಸುತ್ತದೆ. ಅವನನ್ನು ಮೊದಲ ದೃಶ್ಯದಿಂದಲೇ ಖಳನಾಗಿ ಆಡಿದರೆ ಕೊನೆಯ ನಮಸ್ಕಾರ ಹೆದರಿಕೆಯ ನಮಸ್ಕಾರವಾಗಿಬಿಡುತ್ತದೆ. ಮಗನನ್ನು ಕಳೆದುಕೊಂಡ ತಂದೆಯ ಸಂಕಟ ಮೊದಲು ನಿಜವಾಗಬೇಕು. ಆಗ ಮಾತ್ರ ಅವನ ಕಣ್ಣು ತೆರೆಯುವುದಕ್ಕೆ ಬೆಲೆ. ಇದು ಹೊಳೆಯಲು ಮೂರು ಪಠ್ಯಗಳನ್ನು ಇಟ್ಟುಕೊಂಡು ವಾರಗಟ್ಟಲೆ ಕೂರುವ ಬಿಡುವು ಬೇಕು. ರಂಗಶಾಲೆಯ ಒಂದು ವರ್ಷದಲ್ಲಿ ಆ ಬಿಡುವು ಇರುವುದಿಲ್ಲ. ಬೆಳಿಗ್ಗೆ ದೇಹದ ಅಭ್ಯಾಸ, ಹಗಲು ಪಾಠ, ಸಂಜೆಯಾದರೆ ತಾಲೀಮು. ಒಂದು ನಾಟಕ ಇಳಿಯುವಷ್ಟರಲ್ಲಿ ಇನ್ನೊಂದರ ಪಾತ್ರ ಹಂಚಿಕೆ ಶುರು.

ಆದರೆ ಆ ಓದು ನನಗೆ ದಕ್ಕಿದ್ದು ಸಾಲುಗಳು ಅಷ್ಟರಲ್ಲಿ ಮೈಗೆ ಹತ್ತಿದ್ದರಿಂದ. ನೇರವಾಗಿ ಎಂ.ಎ.ಗೆ ಬಂದ ಸಹಪಾಠಿಗಳಲ್ಲಿ ನನಗಿಂತ ಚುರುಕಾಗಿ ಓದುವವರಿದ್ದರು. ಬ್ರೆಕ್ಟ್, ಗ್ರೊಟೊವ್‌ಸ್ಕಿಯಂಥ ಯುರೋಪಿನ ರಂಗಚಿಂತಕರು, ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದ ರಸಸೂತ್ರ, ಎಲ್ಲವೂ ಅವರ ತುದಿನಾಲಿಗೆಯಲ್ಲಿತ್ತು. ರಂಗದ ಮೇಲೆ ಎದುರು ನಟನ ಮಾತು ಕೇಳಿಸಿಕೊಂಡು ನಿಲ್ಲುವ ಹೊತ್ತಿಗೆ ಮಾತ್ರ ಅವರ ಕೈಕಾಲು ಎಲ್ಲಿಡಬೇಕೆಂದು ತೋಚುತ್ತಿರಲಿಲ್ಲ. ಇದು ಅವರ ಕೊರತೆಯಲ್ಲ. ಸೆಮಿಸ್ಟರ್ ಪದ್ಧತಿಯಲ್ಲಿ ದೇಹಕ್ಕೆ ಸಿಗುವ ಗಂಟೆಗಳೇ ಕಡಿಮೆ.

ರಂಗದ ಹಿಂದಿನ ಕೆಲಸದಲ್ಲಿ ಎರಡಕ್ಕೂ ಇನ್ನೂ ದೊಡ್ಡ ಅಂತರ. ರಂಗಶಾಲೆಯಲ್ಲಿ ಪಾತ್ರವಿಲ್ಲದವನಿಗೆ ಸುಮ್ಮನೆ ಕೂರುವ ಅವಕಾಶವಿಲ್ಲ. ರಂಗಸಜ್ಜಿಕೆ ಕಟ್ಟಬೇಕು, ಉಡುಪು ಇಸ್ತ್ರಿ ಮಾಡಬೇಕು, ಏಣಿ ಹತ್ತಿ ದೀಪಕ್ಕೆ ಬಣ್ಣದ ಜೆಲ್ ಪೇಪರ್ ಹಾಕಬೇಕು, ಬೆಳಕನ್ನು ಏರಿಸಿ ಇಳಿಸುವ ಡಿಮ್ಮರ್ ಮುಂದೆ ಕೂತು ಬೆಳಕು ಬದಲಿಸುವ ಸೂಚನೆಗೆ ಕಾಯಬೇಕು. ಬೆಳಕಿಗೆ ಮುಖ ಹಿಡಿಯುವುದು ನಟನಿಗೆ ಬರುವುದು ಹೀಗೆ ದೀಪದ ಕಡೆಯಿಂದ ನಿಂತು ನೋಡಿದಾಗಲೇ ಎಂದು ನಾನು ನಂಬುತ್ತೇನೆ. ನಾನು ಓದಿದ ವಿಶ್ವವಿದ್ಯಾಲಯದಲ್ಲಿ ಬೆಳಕಿನ ವಿನ್ಯಾಸ ಒಂದು ಪತ್ರಿಕೆಯಾಗಿತ್ತು, ಪಾಠವೂ ಚೆನ್ನಾಗಿ ಆಗುತ್ತಿತ್ತು. ದೀಪಗಳು ಮಾತ್ರ ಉಗ್ರಾಣದಲ್ಲಿದ್ದವು. ಅವನ್ನು ಹೊರಗೆ ತರಲು ಅರ್ಜಿ, ಸಹಿ, ಮತ್ತೆ ಸಹಿ. ಪರೀಕ್ಷೆಯ ಹಿಂದಿನ ದಿನವಷ್ಟೇ ಅವು ಬೆಳಗಿದವು. ಪ್ರವೇಶ ಪಡೆಯುವ ಮೊದಲು ಒಮ್ಮೆ ವಿಭಾಗಕ್ಕೆ ಹೋಗಿ, ವಿದ್ಯಾರ್ಥಿಗಳು ಸಂಜೆ ಆರರ ಮೇಲೆ ಸ್ಟುಡಿಯೊ ಬಳಸಬಹುದೇ ಎಂದು ಕೇಳಿ. ಪಠ್ಯಕ್ರಮದ ಪುಸ್ತಕ ಓದುವುದಕ್ಕಿಂತ ಆ ಒಂದು ಉತ್ತರದಿಂದ ಹೆಚ್ಚು ತಿಳಿಯುತ್ತದೆ.

ನೋಡುವವರ ವಿಷಯಕ್ಕೆ ಬಂದರೆ ಹೆಗ್ಗೋಡಿಗೆ ಸಾಟಿಯಿಲ್ಲ. ನೀನಾಸಮ್ ಹುಟ್ಟಿದ್ದು 1949ರಲ್ಲಿ, ರಂಗಶಿಕ್ಷಣ ಕೇಂದ್ರ ಶುರುವಾದದ್ದು 1980ರಲ್ಲಿ. ಕೆ.ವಿ. ಸುಬ್ಬಣ್ಣ ಮತ್ತು ಅವರ ಜೊತೆಗಾರರು ಮೊದಲು ಕಟ್ಟಿದ್ದು ನಾಟಕ ನೋಡುವ ಊರನ್ನು, ಶಾಲೆ ಆಮೇಲೆ ಬಂತು. ತೋಟದ ಕೆಲಸ ಮುಗಿಸಿ ಬಂದು ಶಿವರಾಮ ಕಾರಂತ ರಂಗಮಂದಿರದಲ್ಲಿ ಕೂರುವವರು ಶೇಕ್ಸ್‌ಪಿಯರನನ್ನೂ ಕಂಡಿದ್ದಾರೆ, ಸಂಸ್ಕೃತ ನಾಟಕವನ್ನೂ ಕಂಡಿದ್ದಾರೆ. ನಾಟಕ ಎಳೆದರೆ ಸಭೆ ಮಿಸುಕಾಡುವುದು ರಂಗದ ಮೇಲೆ ನಿಂತವನಿಗೆ ಗೊತ್ತಾಗುತ್ತದೆ. ವಿಶ್ವವಿದ್ಯಾಲಯದ ಪರೀಕ್ಷಾ ಪ್ರಯೋಗಕ್ಕೆ ಬರುವವರು ಪರೀಕ್ಷಕರು, ಅಧ್ಯಾಪಕರು, ಹಾಸ್ಟೆಲಿನ ಗೆಳೆಯರು. ಚಪ್ಪಾಳೆ ಮೊದಲೇ ಗೊತ್ತಾಗಿರುತ್ತದೆ, ನಾಟಕವೂ ಒಂದೇ ರಾತ್ರಿಗೆ ಮುಗಿಯುತ್ತದೆ. ಎರಡನೆಯ ಪ್ರದರ್ಶನದಲ್ಲಿ ಮಾತ್ರ ಕಲಿಯಲು ಸಿಗುವ ಸಂಗತಿಗಳು ಅಲ್ಲಿ ಸಿಗುವುದೇ ಇಲ್ಲ.

ಹಾಗೆಂದು ವಿಶ್ವವಿದ್ಯಾಲಯ ಬೇಡ ಎನ್ನಲಾರೆ. ಕಾಲೇಜಿನಲ್ಲಿ ಪಾಠ ಹೇಳುವ ಆಸೆಯಿದ್ದವರು ಎಂ.ಎ. ಮಾಡಲೇಬೇಕು. ಯುಜಿಸಿ ನೆಟ್ ಪರೀಕ್ಷೆಯಲ್ಲಿ ನಾಟಕಕ್ಕೆ, ನೃತ್ಯದ ಜೊತೆ ಸೇರಿಸಿ, ಒಂದು ವಿಷಯವೇ ಇದೆ. ಅದರ ಮೂಲಕ ಸಹಾಯಕ ಪ್ರಾಧ್ಯಾಪಕರಾಗುವ ಅರ್ಹತೆ ಪಡೆಯಲು ಸ್ನಾತಕೋತ್ತರ ಪದವಿ ಬೇಕು. ಸಾಮಾನ್ಯ ವರ್ಗಕ್ಕೆ ಶೇ 55 ಅಂಕ. ರಂಗಶಾಲೆಯ ಡಿಪ್ಲೊಮಾ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಮನೆಯವರನ್ನು ಒಪ್ಪಿಸಬೇಕಾದಾಗಲೂ ‘ಎಂ.ಎ.’ ಎಂಬ ಎರಡಕ್ಷರ ದೊಡ್ಡ ಆಸರೆ, ಅದರಲ್ಲೂ ಹೆಣ್ಣುಮಕ್ಕಳಿಗೆ. ಇದನ್ನು ಹಗುರವಾಗಿ ಕಾಣುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಗ್ರಂಥಾಲಯವಂತೂ ಎರಡು ವರ್ಷಕ್ಕೆ ಮುಗಿಯುವಂಥದ್ದಲ್ಲ.

ದೆಹಲಿಯ ರಾಷ್ಟ್ರೀಯ ನಾಟಕ ಶಾಲೆ ಮೂರನೆಯ ದಾರಿ. ಅಲ್ಲಿ ನಾನು ಓದಿಲ್ಲ. ಹಾಗಾಗಿ ಹೆಚ್ಚು ಹೇಳುವುದಿಲ್ಲ. 1959ರಲ್ಲಿ ಆರಂಭವಾದ ಶಾಲೆ, ಪದವಿಯ ನಂತರ ಮೂರು ವರ್ಷದ ಕೋರ್ಸು, ಅರ್ಜಿ ಹಾಕುವವರಿಗೆ ಮೊದಲೇ ನಾಟಕಗಳಲ್ಲಿ ಕೆಲಸ ಮಾಡಿದ ಅನುಭವ ಇರಬೇಕು. ಅಲ್ಲೇ ಓದಿ 1977ರಲ್ಲಿ ಅದರ ನಿರ್ದೇಶಕರಾದ ಬಿ.ವಿ. ಕಾರಂತರು, ಬಿ. ಜಯಶ್ರೀ, ಪ್ರಸನ್ನ ಇವರೆಲ್ಲ ಕನ್ನಡಕ್ಕೆ ತಂದದ್ದು ಕಣ್ಣೆದುರೇ ಇದೆ. ಆದರೆ ಅಲ್ಲಿನ ಪಾಠ ಹಿಂದಿ, ಇಂಗ್ಲಿಷಿನಲ್ಲಿ. ಕನ್ನಡದ ಮಾತಿನ ಲಯವನ್ನೇ ಇನ್ನೂ ಹಿಡಿಯಬೇಕಾದ ಇಪ್ಪತ್ತರ ಹುಡುಗ ಹುಡುಗಿಯರು ಮೊದಲು ಇಲ್ಲೇ ಒಂದು ವರ್ಷ ಕಳೆದು ಆಮೇಲೆ ದೆಹಲಿಯ ಕಡೆ ನೋಡುವುದು ಒಳ್ಳೆಯದು.

ಒಂದು ಸಂಗತಿ ಎರಡೂ ಕಡೆ ನನಗೆ ಸಿಗಲಿಲ್ಲ: ನಾಟಕವನ್ನು ಹತ್ತಾರು ಊರಿಗೆ ಹೊತ್ತೊಯ್ಯುವ ವ್ಯವಹಾರ. ಸಭಾಂಗಣದ ಬಾಡಿಗೆ, ಸೆಟ್ ಸಾಗಿಸುವ ಲಾರಿ, ಸ್ಥಳೀಯ ಸಂಘಟಕರ ಜೊತೆ ಮಾತುಕತೆ, ವೋಲ್ಟೇಜ್ ಇಲ್ಲದ ಊರಿನಲ್ಲಿ ಅರ್ಧ ದೀಪಗಳಲ್ಲೇ ನಾಟಕ ಮಾಡುವುದು, ಪ್ರತಿ ರಾತ್ರಿ ಬೇರೆ ಬೇರೆ ಅಳತೆಯ ರಂಗದ ಮೇಲೆ ಅದೇ ಚಲನೆಯನ್ನು ಹೊಂದಿಸಿಕೊಳ್ಳುವುದು. ಇದಕ್ಕೆ ರೆಪರ್ಟರಿಯೇ, ಅಂದರೆ ನಿರಂತರವಾಗಿ ನಾಟಕವಾಡುವ ವೃತ್ತಿ ತಂಡವೇ, ಶಾಲೆ. 1985ರಿಂದ ಹೊರಟ ನೀನಾಸಮ್ ತಿರುಗಾಟ, ಸಾಣೇಹಳ್ಳಿಯ ಶಿವಸಂಚಾರ, ಮೈಸೂರಿನ ರಂಗಾಯಣ ಇವುಗಳಲ್ಲಿ ಎಲ್ಲಿ ಅವಕಾಶ ಸಿಕ್ಕರೂ ಡಿಪ್ಲೊಮಾ ಅಥವಾ ಎಂ.ಎ. ಮುಗಿದ ಕೂಡಲೇ ಒಂದು ವರ್ಷ ಸೇರಿಕೊಳ್ಳಿ. ರಂಗಶಾಲೆ ಮುಗಿಸಿದವರು ನಡುವೆ ಈ ಒಂದು ವರ್ಷ ತಿರುಗಾಡಿ ಎಂ.ಎ.ಗೆ ಬಂದರೂ ಏನೂ ತಡವಾಗುವುದಿಲ್ಲ. ನಮ್ಮ ತರಗತಿಯಲ್ಲಿ ಹಾಗೆ ಬಂದವರೊಬ್ಬರಿದ್ದರು. ಅಧ್ಯಾಪಕರು ಹೇಳಿದ ಪ್ರತಿ ಸಿದ್ಧಾಂತಕ್ಕೂ ಯಾವುದೋ ಊರಿನ, ಯಾವುದೋ ರಾತ್ರಿಯ ಪ್ರದರ್ಶನವನ್ನು ನೆನೆದು ಪ್ರಶ್ನೆ ಕೇಳುತ್ತಿದ್ದವರು ಅವರೊಬ್ಬರೇ.