ವೈರ್ ಮಾರೋನ ಕೈಗೆ ಪ್ಲಾನ್ ಕೊಡಬೇಡಿ

ಬರೆಯೋಕೆ ನಾಚಿಕೆ ಆಗ್ತಿದೆ, ಆದ್ರೂ ಬರೀತೀನಿ. ಕುಷ್ಟಗಿ ಕಡೆ ನಮ್ಮದು 6 ಎಕರೆ ದಾಳಿಂಬೆ. ಅರ್ಧ ಮಸಾರಿ (ಕೆಂಪು ಮಣ್ಣು), ಅರ್ಧ ಎರೆ (ಕಪ್ಪು ಮಣ್ಣು). ಎರಡಕ್ಕೂ ಒಂದೇ ಲೆಕ್ಕದಲ್ಲಿ ನೀರು ಬಿಟ್ಟರೆ ಹಣ್ಣು ಬಿರಿಯುತ್ತದೆ, ನಿಮಗೂ ಗೊತ್ತಲ್ವಾ. ಅದಕ್ಕೇ 8 ಕಡೆ ತೇವಾಂಶದ ಸೆನ್ಸರ್ ಹಾಕಿಸೋಣ ಅಂತ ಒಬ್ಬನನ್ನು ಹಿಡಿದೆ. "ವೈರ್ ಮೀಟರ್‌ಗೆ 24 ರೂಪಾಯಿ ಸರ, ಅಚ್ಚ ತಾಮ್ರ, ಪ್ಲಾನ್ ಫ್ರೀ" ಅಂದ. ಫ್ರೀ ಅಂದಾಗಲೇ ಅನುಮಾನ ಬರಬೇಕಿತ್ತು.

ಪಂಪ್‌ಹೌಸ್‌ನಿಂದ ಒಂದೊಂದು ಸೆನ್ಸರ್‌ಗೂ ಬೇರೆ ಬೇರೆ ವೈರ್ ಎಳೆದ. ಒಟ್ಟು 1,160 ಮೀಟರ್. ಬರೀ ವೈರ್‌ಗೇ 27,840 ರೂಪಾಯಿ. ನಾನು ಪಕ್ಕದಲ್ಲೇ ನಿಂತು ಚಹಾ ಕುಡಿಸಿದೆ! ಅವು ಆರ್‌ಎಸ್485 ಸೆನ್ಸರ್, ಅಂದ್ರೆ ಒಂದೇ ವೈರ್‌ನಲ್ಲಿ ಎಲ್ಲಾ ಸೆನ್ಸರ್‌ಗಳ ರೀಡಿಂಗ್ ಕಳಿಸೋ ನಮೂನೆ. ಒಂದೇ ವೈರ್ ಒಂದರಿಂದ ಇನ್ನೊಂದಕ್ಕೆ ಸಾಲಾಗಿ ಹೋಗಬೇಕು, ಎರಡೂ ತುದಿಗೆ 120 ಓಮ್ ರೆಸಿಸ್ಟರ್ ಹಾಕಬೇಕು, ಹಾಗೆ ಮಾಡಿದರೆ 1,200 ಮೀಟರ್ ತನಕ ಸಿಗ್ನಲ್ ಹೋಗುತ್ತದೆ. ನಮ್ಮ ಹೊಲಕ್ಕೆ 450 ಮೀಟರ್ ಸಾಕಿತ್ತು. ಇದೆಲ್ಲ ಗೊತ್ತಾಗಿದ್ದು ದುಡ್ಡು ಕೊಟ್ಟ ಮೇಲೆ.

ಮೋಟರ್ ಚಾಲೂ ಆದ್ರೆ ಸಾಕು, ಮೊಬೈಲಲ್ಲಿ ರೀಡಿಂಗ್ ಮಾಯ. ಕೊನೆಯ ಎರಡು ಸೆನ್ಸರ್ ಯಾವಾಗಲೂ ಸೊನ್ನೆ. ಫೋನ್ ಮಾಡಿದೆ. "ಸರ, ಎರಿ ಮಣ್ಣು ಬಿರುಕು ಬಿಡತೈತಿ, ಅದಕ್ಕ ಹಂಗ." ಬಿರುಕಲ್ಲಿ ಗಾಳಿ ಸೇರಿದರೆ ರೀಡಿಂಗ್ ತಪ್ಪುತ್ತದೆ, ನಿಜ. ಆದರೆ ಆ ಎರಡೂ ಇರೋದು ಮಸಾರಿಯಲ್ಲಿ ಮಾರಾಯ! ಮತ್ತೆ ಫೋನ್ ಮಾಡಿದರೆ, "ನಿಮ್ಮ ಊರಾಗ ಕರೆಂಟ ಸರಿ ಇಲ್ರಿ." ಮೂರನೇ ಸಲ, "ಸೆನ್ಸರ್ ಕಂಪನಿಯವ್ರನ್ನ ಕೇಳ್ರಿ, ನಂದು ವೈರ್ ಅಷ್ಟ."

ಒಂದು ದಿನ ಕಳೆ ತೆಗೆಯುವಾಗ ಗುದ್ದಲಿ ಏಟಿಗೆ ವೈರ್ ತುಂಡಾಯಿತು. ಅರ್ಧ ಅಡಿ ಆಳವೂ ಇಲ್ಲ, ಪೈಪೂ ಇಲ್ಲ, ಮೋಟರ್ ಕೇಬಲ್ ಹಾಕಿದ ತೋಡಿನಲ್ಲೇ ಇದನ್ನೂ ತುರುಕಿದ್ದ. ಮೋಟರ್ ಚಾಲೂ ಆದಾಗ ರೀಡಿಂಗ್ ಮಾಯ ಆಗ್ತಿದ್ದದ್ದು ಅದಕ್ಕೇ. ಜೋಡಿಸೋಕೆ ಅಂತ ಅಳಿಯ ಬ್ಲೇಡ್‌ನಿಂದ ಕೆರೆದ. ಮೇಲೆ ಕೆಂಪು, ಒಳಗೆ ಬೆಳ್ಳಗೆ. "ಮಾವಾ, ಇದು ಅಲ್ಯುಮಿನಿಯಂ, ಮ್ಯಾಲ ತಾಮ್ರ ಬಳದಾರ" ಅಂದ. ನಾನು ಅಲ್ಲೇ ಬದುವಿನ ಮೇಲೆ ಕೂತುಬಿಟ್ಟೆ. ಇಂಥ ವೈರ್‌ನ ರೆಸಿಸ್ಟೆನ್ಸ್ (ಕರೆಂಟಿಗೆ ಒಡ್ಡೋ ತಡೆ) ತಾಮ್ರದ ಸುಮಾರು ಒಂದೂವರೆ ಪಟ್ಟು. ಪಂಪ್‌ಹೌಸಲ್ಲಿ 12 ವೋಲ್ಟ್, ಕೊನೆಯಲ್ಲಿ ವೋಲ್ಟ್ ಮೀಟರ್ ಇಟ್ಟರೆ 10. ಸೆನ್ಸರ್ ಮೇಲೆ 12ರಿಂದ 24 ಅಂತ ಬರೆದಿದೆ. ಸೊನ್ನೆ ತೋರಿಸದೆ ಇನ್ನೇನು ತೋರಿಸುತ್ತದೆ?

ಫೋಟೋ ಕಳಿಸಿದೆ. ಬಂದ ಉತ್ತರ: "ಈಗ ಎಲ್ಲಾರೂ ಇದನ್ನ ತಾಮ್ರ ಅಂತಾರ್ರಿ." ಎಲ್ಲಾರೂ ಅಂತಾರಂತೆ! ಆಮೇಲೆ ನನ್ನ ನಂಬರ್ ಬ್ಲಾಕ್.

ವೈರ್ ನೀವೇ ತನ್ನಿ, ಅಂಗಡಿಯಲ್ಲೇ ಬ್ಲೇಡ್ ಹಾಕಿ ಕೆರೆದು ನೋಡಿ, ಅಂಗಡಿಯವನು ಮುಖ ಗಂಟಿಕ್ಕಿದರೆ ಇಕ್ಕಲಿ. ಮೋಟರ್ ಕೇಬಲ್‌ನಿಂದ ದೂರ, ಪೈಪಿನೊಳಗೆ, ಒಂದೂವರೆ ಎರಡು ಅಡಿ ಕೆಳಗೆ ಹಾಕಿಸಿ. ಎರೆ ಇರೋ ಕಡೆ ಸ್ವಲ್ಪ ಸಡಿಲ ಬಿಡಿ, ಇಲ್ಲಾಂದ್ರೆ ಬೇಸಿಗೆಯಲ್ಲಿ ಮಣ್ಣೇ ಎಳೆದು ಹರಿಯುತ್ತದೆ.

ದೂರು ಕೊಡೋಣ ಅಂತ ಬಿಲ್ ಹುಡುಕಿದೆ. ಬಿಳಿ ಹಾಳೆ ಮೇಲೆ ಪೆನ್ನಲ್ಲಿ ಬರೆದದ್ದು. "ವೈರ್ 1,160 ಮೀ" ಅಂತಷ್ಟೇ ಇದೆ. ತಾಮ್ರ ಅನ್ನೋ ಮಾತೇ ಇಲ್ಲ.