ಮೊದಲು ಕಣ್ಣೋ, ಮೊದಲು ಕ್ಯಾಡೋ?

ಲೋ ಡೋಸ್ ಸಿಟಿ, ಅಂದರೆ ಕಡಿಮೆ ವಿಕಿರಣದ ಸಿಟಿ ಸ್ಕ್ಯಾನ್, ನೋಡಿ ಶ್ವಾಸಕೋಶದ ಗಂಟು (ಕ್ಯಾನ್ಸರ್ ಇರಬಹುದಾದ ಚಿಕ್ಕ ಉಂಡೆ) ಹುಡುಕುವುದು ನನ್ನ ದಿನದ ಕೆಲಸ. 1 ಮಿಮೀ ದಪ್ಪದ ಸ್ಲೈಸ್ (ಅಡ್ಡ ಪದರ) ಅಂದರೆ ಒಬ್ಬರದೇ 300ರ ಆಸುಪಾಸು ಚಿತ್ರಗಳು. ಅಷ್ಟರಲ್ಲಿ ಹುಡುಕಬೇಕಾದ್ದು ಮೆಣಸಿನ ಕಾಳಿನಷ್ಟು ಚಿಕ್ಕ ಚುಕ್ಕೆ, ಅಡ್ಡಕ್ಕೆ ಕತ್ತರಿಸಿದ ಹಾಗೆ ಕಾಣುವ ರಕ್ತನಾಳವೂ ಥೇಟ್ ಹಾಗೇ ದುಂಡಗಿರುತ್ತದೆ. ಮೂರು ದಾರಿಗಳನ್ನು ಅವೇ ಸ್ಕ್ಯಾನ್‌ಗಳ ಮೇಲೆ, ನಡುವೆ ಕೆಲವು ವಾರ ಬಿಟ್ಟು, ಮಾಡಿ ನೋಡಿದೆ. ಬರೀ ಎಂಐಪಿ (ಹಲವು ಸ್ಲೈಸ್ ಸೇರಿಸಿ ಒಂದೇ ಚಿತ್ರವಾಗಿ ನೋಡುವುದು), ನಾನು ನೋಡಿ ಮುಗಿಸಿದ ಮೇಲೆ ಕ್ಯಾಡ್ (ಗಂಟು ಇರಬಹುದಾದ ಕಡೆ ಗುರುತು ಹಾಕುವ ಕಂಪ್ಯೂಟರ್ ಸಾಫ್ಟ್‌ವೇರ್), ಮತ್ತೆ ಮೊದಲಿನಿಂದಲೇ ಕ್ಯಾಡ್ ಗುರುತುಗಳನ್ನು ಹಾಕಿಕೊಂಡು ನೋಡುವುದು.

ಎಂಐಪಿಯಲ್ಲಿ 8-10 ಮಿಮೀ ದಪ್ಪದ ಪದರದಿಂದ ಅತಿ ಬೆಳ್ಳಗಿರುವ ಬಿಂದುಗಳಷ್ಟೇ ಮೇಲೆ ಬರುತ್ತವೆ. ರಕ್ತನಾಳ ಕೊಂಬೆಯ ಹಾಗೆ ಉದ್ದಕ್ಕೆ ಚಾಚುತ್ತದೆ, ಗಂಟು ಚುಕ್ಕೆಯಾಗಿಯೇ ಉಳಿಯುತ್ತದೆ. ಗಟ್ಟಿ ಗಂಟಿಗೆ ತುಂಬಾ ಒಳ್ಳೆಯದು. ಮಂಜಿನ ಹಾಗೆ ತೆಳುವಾದ ಗ್ರೌಂಡ್ ಗ್ಲಾಸ್ ಗಂಟಿಗೆ ಅಷ್ಟಕ್ಕಷ್ಟೇ.

ಮೊದಲಿನಿಂದಲೇ ಕ್ಯಾಡ್ ಇಟ್ಟುಕೊಂಡರೆ ಕೆಲಸ ಬೇಗ ಮುಗಿಯುತ್ತದೆ, ಅದು ನಿಜ. ಆದರೆ ಒಂದು ಸ್ಕ್ಯಾನ್ ನನ್ನನ್ನು ಹೆದರಿಸಿಬಿಟ್ಟಿತು. ಬಲಗಡೆ ಕೆಳಗಿನ ಹಾಲೆಯಲ್ಲಿ ಮೂರು ಗುರುತು, ಮೂರೂ ಸರಿ. ಅಳತೆ ಹಾಕಿ, ರಿಪೋರ್ಟ್ ಬರೆದು, ಇನ್ನೇನು ಮುಚ್ಚಬೇಕು ಅನ್ನುವಾಗ ಸುಮ್ನೆ ಇನ್ನೊಂದು ಸಲ ಮೇಲಿನಿಂದ ಕೆಳಗೆ ಓಡಿಸಿದೆ. ಎಡಗಡೆ ಮೇಲಿನ ಹಾಲೆಯಲ್ಲಿ ಗ್ರೌಂಡ್ ಗ್ಲಾಸ್ ಗಂಟು ಇತ್ತು. ಮೆಷಿನ್ ಅದನ್ನು ತೋರಿಸಿರಲಿಲ್ಲ, ತೋರಿಸದ ಜಾಗಕ್ಕೆ ನನ್ನ ಕಣ್ಣೂ ಹೋಗಿರಲಿಲ್ಲ. ಕಣ್ಣು ಗುರುತಿನಿಂದ ಗುರುತಿಗೆ ಹಾರುತ್ತದೆ, ನಡುವಿನ ಜಾಗ ನೋಡದೆ ಉಳಿದುಹೋಗುತ್ತದೆ.

ಅದಕ್ಕೇ ನನ್ನ ಮತ ಎರಡನೆಯ ದಾರಿಗೆ, ನಾನು ನೋಡಿದ ಮೇಲೆ ಕ್ಯಾಡ್. ಒಬ್ಬೊಬ್ಬರಿಗೆ ಕೆಲವು ನಿಮಿಷ ಜಾಸ್ತಿ ಬೇಕು. ಆದರೆ ಕಣ್ಣು ದಣಿದಿರುವ ಹೊತ್ತಲ್ಲಿ, ಹೈಲಮ್ (ರಕ್ತನಾಳ, ಶ್ವಾಸನಾಳ ಶ್ವಾಸಕೋಶದೊಳಗೆ ಹೋಗುವ ಜಾಗ) ಹತ್ತಿರ ರಕ್ತನಾಳಕ್ಕೆ ಅಂಟಿಕೊಂಡ ಚಿಕ್ಕ ಗಟ್ಟಿ ಗಂಟುಗಳನ್ನು ನಾನು ಬಿಟ್ಟಿದ್ದೆ, ಕ್ಯಾಡ್ ಹಿಡಿಯಿತು. ತಪ್ಪು ಗುರುತುಗಳೂ ಬರುತ್ತವೆ. ರಕ್ತನಾಳ ಕವಲೊಡೆಯುವ ಜಾಗ, ಶ್ವಾಸಕೋಶದ ಮೇಲ್ತುದಿಯಲ್ಲಿರುವ ಹಳೇ ಗಾಯದ ಕಲೆ, ಶ್ವಾಸನಾಳದೊಳಗಿನ ಕಫ, ಉಸಿರು ಬಿಟ್ಟಾಗ ಅಲುಗಿದ ವಪೆಯ ಅಂಚು, ಇವೇ ಮತ್ತೆ ಮತ್ತೆ. ಹಳೇ ಕ್ಯಾಡ್‌ನಲ್ಲಿ ಇವುಗಳ ಕಾಟ ವಿಪರೀತ, ಉದಾಹರಣೆ ನೋಡಿ ಕಲಿಯುವ ಡೀಪ್ ಲರ್ನಿಂಗ್‌ನದರಲ್ಲಿ ಎಷ್ಟೋ ಕಡಿಮೆ.

ಯಾರಾದರೂ "ನಮ್ಮದು ಇಷ್ಟು ಶೇಕಡಾ ಹಿಡಿಯುತ್ತದೆ" ಅಂದರೆ, ಸ್ಕ್ಯಾನ್‌ಗೆ ಎಷ್ಟು ತಪ್ಪು ಗುರುತಿನ ಲೆಕ್ಕದಲ್ಲಿ ಅಂತ ಕೇಳಿ. ಗಂಟು ಹುಡುಕುವ ಸಾಫ್ಟ್‌ವೇರ್‌ಗಳ ಲೂನಾ16 ಸ್ಪರ್ಧೆಯಲ್ಲಿ 888 ಸ್ಕ್ಯಾನ್, 1,186 ಗಂಟು. ಅಲ್ಲಿ ಅಂಕ ಕೊಟ್ಟಿದ್ದು ಸ್ಕ್ಯಾನ್‌ಗೆ ಎಂಟನೇ ಒಂದು ತಪ್ಪಿನಿಂದ 8 ತಪ್ಪಿನವರೆಗೆ ಏಳು ಹಂತಗಳಲ್ಲಿ ನೋಡಿ. ಆ ಗಂಟುಗಳೂ ನಾಲ್ವರು ರೇಡಿಯಾಲಜಿಸ್ಟ್‌ಗಳಲ್ಲಿ ಕನಿಷ್ಠ ಮೂವರು ಹೌದು ಅಂದವು ಮಾತ್ರ. ನಾವೇ ಒಂದು ಮಾತಿಗೆ ಬರದ ಗಂಟುಗಳು ಆ ಲೆಕ್ಕದಲ್ಲಿಲ್ಲ, ದಿನಾ ತಲೆ ಕೆಡಿಸುವುದು ಅವೇ ಅಲ್ವಾ?

ತಪ್ಪು ಗುರುತನ್ನು ಹಗುರವಾಗಿ ನೋಡಬಾರದು. 2011ರಲ್ಲಿ ಬಂದ ಅಮೆರಿಕದ ಎನ್‌ಎಲ್‌ಎಸ್‌ಟಿ ಅಧ್ಯಯನದಲ್ಲಿ 53 ಸಾವಿರಕ್ಕೂ ಜಾಸ್ತಿ ಜನ ಇದ್ದರು. ಎದೆಯ ಎಕ್ಸ್‌ರೇ ಮಾಡಿಸಿದವರಿಗೆ ಹೋಲಿಸಿದರೆ ಲೋ ಡೋಸ್ ಸಿಟಿ ಗುಂಪಿನಲ್ಲಿ ಶ್ವಾಸಕೋಶ ಕ್ಯಾನ್ಸರ್‌ನಿಂದ ಸತ್ತವರು ಶೇ. 20ರಷ್ಟು ಕಡಿಮೆ. ಆದರೆ ಅಲ್ಲಿ ಅನುಮಾನ ಬಂದ ಸಿಟಿಗಳಲ್ಲಿ ಶೇ. 96.4 ಕೊನೆಗೆ ಕ್ಯಾನ್ಸರ್ ಅಲ್ಲ ಅಂತಾಯಿತು. ನಾನು ಯೋಚಿಸದೆ ಒಪ್ಪಿಕೊಳ್ಳುವ ಒಂದೊಂದು ಗುರುತಿನ ಹಿಂದೆಯೂ ತಿಂಗಳುಗಟ್ಟಲೆ ನಿದ್ದೆಗೆಡುವ ಒಬ್ಬರಿರುತ್ತಾರೆ.

ಅಳತೆಯಲ್ಲಿ ಮಾತ್ರ ಮೆಷಿನ್‌ಗೆ ಸಾಟಿಯಿಲ್ಲ. 5 ಮಿಮೀ ಗಂಟು 6.3 ಮಿಮೀ ಆದರೆ ಅದರ ಘನಗಾತ್ರ ಎರಡು ಪಟ್ಟಾಯಿತು ಅಂತ ಲೆಕ್ಕ. ಕೈಯಲ್ಲಿ ಗೆರೆ ಎಳೆದು ಅಳೆಯುವಾಗ ಅಷ್ಟು ವ್ಯತ್ಯಾಸ ಎಳೆಯುವುದರಲ್ಲೇ ಬಂದುಬಿಡಬಹುದು. ನೆದರ್ಲೆಂಡ್ಸ್-ಬೆಲ್ಜಿಯಂನ ನೆಲ್ಸನ್ ಅಧ್ಯಯನದವರು ಘನಗಾತ್ರವನ್ನೂ ಅದು ಇಮ್ಮಡಿಯಾಗುವ ಸಮಯವನ್ನೂ ಹಿಡಿದು ನಡೆದಿದ್ದು ಇದಕ್ಕೇ. ಆದರೂ ಮೆಷಿನ್ ಎಳೆದ ಅಂಚನ್ನು ಒಮ್ಮೆ ನೋಡಲೇಬೇಕು, ಕೆಲವೊಮ್ಮೆ ಪಕ್ಕದ ರಕ್ತನಾಳವನ್ನೂ ಗಂಟಿನ ಜೊತೆ ಸೇರಿಸಿಕೊಂಡಿರುತ್ತದೆ. ಸ್ಲೈಸ್ ತೆಳುವಾಗಿಯೂ ಇರಬೇಕು: ಮೆಷಿನ್‌ಗೆ 1 ಮಿಮೀ ಬದಲು 5 ಮಿಮೀ ಸ್ಲೈಸ್ ಕೊಟ್ಟು ನೋಡಿದೆ, ಚಿಕ್ಕ ಗಂಟುಗಳು ಮಾಯ.

ಈಗ ಹೊಸ ಸ್ಕ್ಯಾನ್ ಬಂದರೆ ಮೊದಲು ತೆಳು ಸ್ಲೈಸ್, ಆಮೇಲೆ ಎಂಐಪಿ, ಕೊನೆಗೆ ಕ್ಯಾಡ್. ಹಳೇ ಸ್ಕ್ಯಾನ್ ಇದ್ದವರು ಮತ್ತೆ ಬಂದಾಗ ಗೊತ್ತಿರುವ ಗಂಟುಗಳ ಅಳತೆಗೆ ಮಾತ್ರ ಕ್ಯಾಡ್ ಅನ್ನು ಮೊದಲೇ ತೆರೆಯುತ್ತೇನೆ, ಅಳತೆ ಮುಗಿದ ತಕ್ಷಣ ಗುರುತುಗಳನ್ನೆಲ್ಲ ಮರೆಮಾಡಿ ಇಡೀ ಶ್ವಾಸಕೋಶವನ್ನು ಮೇಲಿನಿಂದ ನೋಡಿಕೊಂಡು ಬರುತ್ತೇನೆ.